ಬಂದರು ತೆರೆದರೂ ಬಾಗಿಲಲ್ಲೇ ನಿಂತ ಸೇನಾ ಜೀಪು

ಚಿತ್ರದುರ್ಗ: ವಿದೇಶದಿಂದ ಹಳೆಯ ಸೇನಾ ವಾಹನ ತರಿಸಬಯಸುವ ಸಂಗ್ರಾಹಕರಿಗೆ ದೀರ್ಘಕಾಲ ಅಡ್ಡಿಯಾಗಿದ್ದುದು 1950ರ ಗಡಿ. ಅದಕ್ಕೂ ಮುನ್ನ ತಯಾರಾದವುಗಳಿಗಷ್ಟೇ ವಿಂಟೇಜ್ ವಿನಾಯಿತಿ ದೊರೆಯುತ್ತಿತ್ತು. ಕೇಂದ್ರ ಸರ್ಕಾರ 2025ರಲ್ಲಿ ಈ ಗಡಿಯನ್ನು ಕೈಬಿಟ್ಟು, 50 ವರ್ಷ ತುಂಬಿದ ವಾಹನಗಳ ಆಮದಿಗೆ ಅವಕಾಶ ನೀಡಿತು. ಸುಂಕದಲ್ಲಿ ಮಾತ್ರ ರಿಯಾಯಿತಿ ಕೊಡಲಿಲ್ಲ.

ನಿಜವಾದ ತೊಡಕಿರುವುದು ನೋಂದಣಿಯಲ್ಲಿ. 2021ರ ಜುಲೈನಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ನಿಯಮಗಳ ಪ್ರಕಾರ ವಿಂಟೇಜ್ ಮಾನ್ಯತೆ ವಾಣಿಜ್ಯೇತರ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ಸೀಮಿತ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪು ಈ ವ್ಯಾಖ್ಯೆಯೊಳಗೆ ಬರುತ್ತದೆ. ಅದೇ ಯುದ್ಧದ ಆರು ಚಕ್ರದ ಜಿಎಂಸಿ ಟ್ರಕ್ಕು ಬರುವುದಿಲ್ಲ. ಮೇಲಾಗಿ ವಯಸ್ಸಿನ ಲೆಕ್ಕ ಮೊದಲ ನೋಂದಣಿಯಿಂದ. ಸೇನೆಯಲ್ಲಿ ದುಡಿದ ವಾಹನಕ್ಕಿರುವುದು ಸೇನಾ ಸಂಖ್ಯೆ. ಸಾರಿಗೆ ಕಚೇರಿಯ ಕಡತ ಸೇರುವುದು ಹರಾಜಾದ ಬಳಿಕವೇ. 1944ರ ಜೀಪು 1980ರಲ್ಲಿ ಹರಾಜಾಗಿದ್ದರೆ ಅದಕ್ಕೆ ಐವತ್ತು ತುಂಬಿದೆಯೇ? ಕಡತವನ್ನೇ ನಂಬುವ ಅಧಿಕಾರಿ ಇಲ್ಲವೆಂದರೆ ಅಚ್ಚರಿಯಿಲ್ಲ.

ಮಹೀಂದ್ರಾ ಸಂಸ್ಥೆ 1947ರಲ್ಲೇ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಆಸಕ್ತರಿಗೆ ಆಮದಿಗಿಂತ ಅಂಥ ದೇಶೀ ಜೀಪೇ ಸುಲಭದ ದಾರಿ. ಆದರೆ ವಿಂಟೇಜ್ ನೋಂದಣಿ ಪಡೆದ ಜೀಪನ್ನು ಅಡಿಕೆ ತೋಟಕ್ಕೋ ಸಂತೆಗೋ ನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವುದು, ಇಷ್ಟಕ್ಕೆ ಮಾತ್ರ ಅದು ರಸ್ತೆಗಿಳಿಯಬಹುದು.