ಚಾಕರಿ ಬಿಡೋಣ, ತಮಟೆ ಬಿಡೋದು ಬೇಡ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಕೂ ತಾಲ್ಲೂಕಿನ ನಮ್ಮ ಹುಡುಗರ ನಡುವೆ ಒಂದು ವಾದ ಮುಗಿಯೋದೇ ಇಲ್ಲ. ತಮಟೆ ಬಡಿಯೋದು ಅವಮಾನ, ಎಸೆದುಬಿಡಿ ಅನ್ನೋರು ಒಂದು ಕಡೆ. ಅದು ತಾತ ಮುತ್ತಾತರ ಕಲೆ, ಬಿಡಬಾರದು ಅನ್ನೋರು ಇನ್ನೊಂದು ಕಡೆ. ಇಬ್ಬರ ಮಾತಲ್ಲೂ ನಿಜ ಇದೆ. ಆದ್ರೆ ಇಬ್ಬರೂ ಕೇಳದೆ ಬಿಡೋ ಪ್ರಶ್ನೆಗಳಿವೆ. ಬಡಿದವನಿಗೆ ಕೂಲಿ ಎಷ್ಟು? ಕರೆದಾಗ "ಬರಲ್ಲ" ಅನ್ನೋ ಹಕ್ಕು ಅವನಿಗಿದೆಯಾ?

ಇದಕ್ಕೆ ಉತ್ತರ ಹುಡುಕೋವಾಗ ನಂಗೆ ನೆನಪಾಗೋದು ಅಮೆರಿಕದ ಕಪ್ಪುಜನರ ಬ್ಲೂಸ್ ಸಂಗೀತಕ್ಕೆ ಕರೆಂಟ್ ಹರಿಸಿದ ಗಿಟಾರ್ ವಾದಕ ಮಡ್ಡಿ ವಾಟರ್ಸ್. ನಿಜವಾದ ಹೆಸರು ಮೆಕಿನ್ಲಿ ಮಾರ್ಗನ್‌ಫೀಲ್ಡ್. ಕೆಸರಲ್ಲಿ ಆಡ್ತಿದ್ದ ಅಂತ ಅಜ್ಜಿ 'ಮಡ್ಡಿ' ಎಂದು ಕರೆದಳು. ತಾಯಿ ಇಲ್ಲದ ಕೂಸನ್ನ ಸಾಕಿದವಳೂ ಅವಳೇ. ಬೆಳೆದದ್ದು ಮಿಸಿಸಿಪ್ಪಿಯ ಸ್ಟೋವಾಲ್ ಅನ್ನೋ ಹತ್ತಿ ತೋಟದಲ್ಲಿ. ಭೂಮಿ ಬಿಳಿಯರದ್ದು, ಬೆವರು ಕಪ್ಪುಜನರದ್ದು. ಬೆಳೆಯಲ್ಲಿ ಪಾಲು ಅಂತ ಹೆಸರಿಗೆ, ವರ್ಷದ ಕೊನೆಗೆ ಲೆಕ್ಕ ಬರೆಯೋನು ಮಾತ್ರ ಮಾಲೀಕ. ನಮ್ಮ ಜೀತದ ಲೆಕ್ಕ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

1941ರಲ್ಲಿ ಅಲನ್ ಲೋಮ್ಯಾಕ್ಸ್ ಎಂಬ ಸಂಗ್ರಾಹಕ ಸರ್ಕಾರಿ ಗ್ರಂಥಾಲಯದ ಪರವಾಗಿ ತೋಟಕ್ಕೆ ಬಂದು ಮಡ್ಡಿಯ ಗುಡಿಸಲಲ್ಲೇ ಹಾಡು ರೆಕಾರ್ಡ್ ಮಾಡಿಕೊಂಡರು. ಆಮೇಲೆ ಮಡ್ಡಿಗೆ ಬಂದದ್ದು ಎರಡು ಪ್ಲೇಟು, 20 ಡಾಲರ್. ತನ್ನ ದನಿಯನ್ನ ತಾನೇ ಪ್ಲೇಟಲ್ಲಿ ಕೇಳಿದ ಮೇಲೆ ಆ ಮನುಷ್ಯನಿಗೆ ತನ್ನ ಬೆಲೆ ಗೊತ್ತಾಯ್ತು. 1943ರಲ್ಲಿ ಟ್ರ್ಯಾಕ್ಟರ್ ಓಡಿಸೋಕೆ ಗಂಟೆಗೆ ಇಪ್ಪತ್ತೆರಡೂವರೆ ಸೆಂಟ್ ಕೊಡ್ತಿದ್ರು. 25 ಮಾಡಿ ಅಂತ ಕೇಳಿದ. ಮೇಸ್ತ್ರಿ ರೇಗಿದ. ಕೆಲವೇ ದಿನದಲ್ಲಿ ಮಡ್ಡಿ ಶಿಕಾಗೋ ರೈಲು ಹತ್ತಿದ. ಎರಡೂವರೆ ಸೆಂಟ್ ಜಾಸ್ತಿ ಕೇಳಿದ ಆ ಬಾಯಿಂದಲೇ ಮುಂದಿನ ಚರಿತ್ರೆ ಶುರುವಾದದ್ದು ಅಂತ ನನ್ನ ಅಭಿಪ್ರಾಯ.

ಶಿಕಾಗೋದಲ್ಲಿ ಹಗಲು ಕಾರ್ಖಾನೆ, ಲಾರಿ, ರಾತ್ರಿ ಹಾಡು. ಗದ್ದಲದ ಬಾರುಗಳಲ್ಲಿ ಮರದ ಗಿಟಾರ್ ಯಾರಿಗೂ ಕೇಳಿಸ್ತಿರಲಿಲ್ಲ. ಎಲೆಕ್ಟ್ರಿಕ್ ಗಿಟಾರ್ ಹಿಡಿದರು. 1948ರ ರೆಕಾರ್ಡ್ ಜನರ ಬಾಯಿಗೆ ಬಿತ್ತು. 1950ರ ಅವರ ಒಂದು ಹಾಡಿನ ಹೆಸರನ್ನೇ ಲಂಡನ್ನಿನ ಬಿಳಿ ಹುಡುಗರು ತಮ್ಮ ತಂಡಕ್ಕೆ ಇಟ್ಟುಕೊಂಡರು: ರೋಲಿಂಗ್ ಸ್ಟೋನ್ಸ್. ಆರು ಗ್ರ್ಯಾಮಿ ಬಂತು. 1983ರಲ್ಲಿ ತೀರಿಕೊಂಡರು.

ಗಮನಿಸಿ, ಅವರು ಬಿಟ್ಟದ್ದು ತೋಟವನ್ನ. ಗಿಟಾರನ್ನ ಜೊತೆಗೇ ಒಯ್ದರು.

ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಮಹಾರ್ ವತನದ ಬಗ್ಗೆ ಮಸೂದೆ ತಂದದ್ದೂ ಇದೇ ಗಂಟು ಬಿಚ್ಚೋಕೆ. ತುಂಡು ಭೂಮಿ, ಹಿಡಿ ಕಾಳು ಕೊಟ್ಟು ಹಗಲು ರಾತ್ರಿ ಊರ ಚಾಕರಿ ಮಾಡಿಸೋದು, ಅದೂ ಹುಟ್ಟಿನ ಕಾರಣಕ್ಕೆ. ಸಾವಾದರೆ ಬಾ, ಹಬ್ಬವಾದರೆ ಬಾ, ಕೂಲಿ ಕೇಳಿದರೆ ಒಂದು ಕ್ವಾರ್ಟರ್ ಕುಡಿದು ಹೋಗು ಅನ್ನೋದೂ ಅದೇ ಜಾತಿಗೆ ಸೇರಿದ್ದು. ದೇವರ ಮುಂದೆ ತಮಟೆ ಬೇಕು, ಬಡಿದವನು ಹೊಸ್ತಿಲಾಚೆ ನಿಲ್ಲಬೇಕು. ನಮ್ಮದೇ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಹೆಣ್ಣುಮಕ್ಕಳು ಗುಡಿಯೊಳಗೆ ಕಾಲಿಟ್ಟದ್ದಕ್ಕೆ ಎಷ್ಟು ರಂಪ ಆಯ್ತು ಅಂತ ಯಾರಿಗೂ ಮರೆತಿಲ್ಲ. ಬಿಟ್ಟಿ ಚಾಕರಿ ಮಾಡಿಸೋದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಎಸೆಯಬೇಕಾದ್ದು ಈ ಚಾಕರಿಯನ್ನ. ತಮಟೆ ಏನು ತಪ್ಪು ಮಾಡಿದೆ? ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಅದೇ ತಮಟೆಗೆ.

ಆದ್ರೆ ಊರು ಬಿಟ್ಟರೆ ಎಲ್ಲ ಮುಗೀತು ಅಂದುಕೊಳ್ಳಬೇಡಿ. ಶಿಕಾಗೋದಲ್ಲೂ ಹಾಡಿನ ಹಕ್ಕುಪತ್ರ ಬೇರೆಯವರ ಕೈಲಿತ್ತು. ಮಡ್ಡಿಯೂ, ಅವರಿಗೆ ಹಾಡು ಬರೆದ ವಿಲ್ಲೀ ಡಿಕ್ಸನ್ನೂ 1970ರ ದಶಕದಲ್ಲಿ ಪ್ರಕಾಶಕರ ಮೇಲೆ ಕೋರ್ಟಿಗೆ ಹೋಗಬೇಕಾಯ್ತು. ಆಫೀಸಲ್ಲಿ ದಿನಾ ಫೈಲು ನೋಡೋ ಗುಮಾಸ್ತ ನಾನು, ನನಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಕಾಗದದಲ್ಲಿ ಹೆಸರಿಲ್ಲದವನಿಗೆ ದುಡ್ಡೂ ಇಲ್ಲ. ಉತ್ಸವದ ಬ್ಯಾನರಿನಲ್ಲಿ "ಜಾನಪದ ತಂಡ" ಅಂತ ಹಾಕ್ತಾರೆ, ಅದರೊಳಗಿನ ಎಂಟು ಜನ ಯಾರು? ಮೊಬೈಲಲ್ಲಿ ಹಿಡಿದ ವಿಡಿಯೋ ಲಕ್ಷ ಜನ ನೋಡ್ತಾರೆ, ಬಡಿದ ಅಣ್ಣನ ಹೆಸರು ಒಬ್ಬರಿಗೂ ಗೊತ್ತಿರಲ್ಲ.

ಅದಕ್ಕೆ ನಾಕೂ ತಾಲ್ಲೂಕಿನ ತಂಡಗಳು ಒಂದೇ ಮಾತಿಗೆ ನಿಲ್ಲಬೇಕು ಅಂತ ನನ್ನ ಒತ್ತಾಯ. ರೇಟು ಮೊದಲೇ ಮಾತಾಡಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಕೂಲಿ ಬದಲು ಹೆಂಡ ಮುಟ್ಟಬೇಡಿ. ಊಟ ಎಲ್ಲರ ಪಂಕ್ತಿಯಲ್ಲಿ, ಇಲ್ಲಾಂದ್ರೆ ತಮಟೆ ಚೀಲದಿಂದ ಹೊರಗೆ ಬರಲ್ಲ. ರೆಕಾರ್ಡ್ ಮಾಡೋರು ಕಲಾವಿದರ ಹೆಸರು ಹಾಕಲೇಬೇಕು. ಒಂದು ತಂಡ ಬರಲ್ಲ ಅಂದ ಊರಿಗೆ ಇನ್ನೊಂದು ತಂಡ ಕಮ್ಮಿ ರೇಟಿಗೆ ಹೋಗಬಾರದು. ಇದು ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಮುಖ್ಯವೂ ಇದೇ.

ನಿಮ್ಮ ಊರಿನ ತಂಡದವರ ಹೆಸರು, ಅವರು ಒಪ್ಪಿದರೆ, ಕೆಳಗೆ ಬರೀರಿ. ಪಟ್ಟಿ ಮಾಡೋ ಕೆಲಸ ನನ್ನದು.