ಹಗ್ಗ ಬಿಡೋಕೂ ಶಕ್ತಿ ಬೇಕು

'ನರ' ಅನ್ನೋ ಒಂದೇ ಪದಕ್ಕೆ ನಮ್ಮ ಮನೆಗಳಲ್ಲಿ ಎಷ್ಟು ಕೆಲಸ ಹಚ್ಚಿದ್ದೇವೆ ನೋಡಿ. ಡ್ರಿಪ್ ಹಾಕಲು ಬಂದ ಸಿಸ್ಟರ್ 'ನರ ಸಿಗ್ತಾ ಇಲ್ಲ' ಅಂದರೆ ಅದು ರಕ್ತನಾಳ. ಬೆಳಿಗ್ಗೆ ಕುತ್ತಿಗೆ ತಿರುಗಿಸಲಾಗದೆ ಎದ್ದ ಅಪ್ಪ 'ನರ ಹಿಡ್ಕೊಂಡಿದೆ' ಅಂದರೆ ಬಹುತೇಕ ಅದು ಸ್ನಾಯು. ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ 'ನರದೌರ್ಬಲ್ಯ' ಏನು ಅಂತ ಬರೆದವರಿಗೇ ಗೊತ್ತು. ನಿಜವಾಗಿಯೂ ನರಕ್ಕೆ ಸಂಬಂಧಪಟ್ಟದ್ದಾದಾಗ ಮಾತ್ರ ನರದ ಹೆಸರೇ ಎತ್ತುವುದಿಲ್ಲ, 'ಕಾಲು ಜೋಮು ಹಿಡಿದಿದೆ' ಅಂದುಬಿಡುತ್ತೇವೆ!

ಈ ಗೊಂದಲ ನನ್ನ ಗಮನಕ್ಕೆ ಬಂದದ್ದು ತೀರ್ಥಹಳ್ಳಿಯ ಅಕ್ಕನ ಮನೆಯ ಜಗಲಿಯಲ್ಲಿ. ಅಕ್ಕನ ಮಗಳು ಮೊದಲ ಪಿಯುಸಿ, ಸೈನ್ಸ್. ವಾರ್ಷಿಕ ಪರೀಕ್ಷೆ ಹತ್ತಿರ ಬರುತ್ತಿದ್ದಂತೆ ಭಾನುವಾರ ಐದಾರು ಜನ ಸಹಪಾಠಿಗಳು ಅಲ್ಲಿ ಸೇರಿ ಓದುತ್ತಾರೆ. 'ನೀನು ಎಂಜಿನಿಯರ್ ಅಲ್ವೇನೋ, ಬಂದಾಗ ಸ್ವಲ್ಪ ಹೇಳಿಕೊಡು' ಅಂತ ಅಕ್ಕನ ಅಪ್ಪಣೆ. ನಾನು ಪಿಯುಸಿಯಲ್ಲಿ ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ತಗೊಂಡವನು. ಎಸ್ಸೆಸ್ಸೆಲ್ಸಿ ಆದಮೇಲೆ ಸ್ನಾಯು, ನರಕೋಶದ ಮುಖ ನೋಡಿಲ್ಲ. ಹಾಗಾಗಿ ಬೆಂಗಳೂರಿನಿಂದ ಹೋದಾಗಲೆಲ್ಲ ಚಹಾ ಕಪ್ ಹಿಡಿದು ಗೋಡೆಗೆ ಒರಗಿ ಕೇಳಿಸಿಕೊಳ್ಳುವುದಷ್ಟೇ ನನ್ನ ಪಾಲಿನ ಕೆಲಸ. ಅದರಲ್ಲಿ ಸಿಕ್ಕಿದ್ದು ಮಾತ್ರ ಕಡಿಮೆಯೇನಲ್ಲ.

ಗುಂಪಿನಲ್ಲಿ ಒಬ್ಬಳು ಹುಡುಗಿ ಹಳ್ಳಿಯಿಂದ ಬಸ್ಸಿಗೆ ಬರುತ್ತಾಳೆ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮ, ಒಳ್ಳೆಯ ಮಾರ್ಕ್ಸು. ಪಿಯುಸಿಗೆ ಬಂದಮೇಲೆ ಎಲ್ಲವೂ ಇಂಗ್ಲಿಷ್. ನಿನ್ನೆಯವರೆಗೆ ಮೆದುಳುಬಳ್ಳಿ ಅಂತಿದ್ದದ್ದು ರಾತ್ರೋರಾತ್ರಿ ಸ್ಪೈನಲ್ ಕಾರ್ಡ್. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಬಯಾಲಜಿಯಲ್ಲಿ ಫೇಲು. 'ಸೈನ್ಸ್ ಬ್ಯಾಡ, ಆರ್ಟ್ಸಿಗೆ ಹಾಕ್ತೀನಿ' ಅಂತ ಅವಳ ಅಪ್ಪ ಕಾಲೇಜಿಗೂ ಒಮ್ಮೆ ಬಂದು ಹೋಗಿದ್ದಾರೆ. ಆರ್ಟ್ಸ್ ಓದುವುದು ಕೀಳು ಅಂತ ನಾನು ಹೇಳುತ್ತಿಲ್ಲ. ಆದರೆ ನರ್ಸಿಂಗ್ ಮಾಡಬೇಕು ಅಂತಿದ್ದ ಹುಡುಗಿ ನಾಲ್ಕು ಇಂಗ್ಲಿಷ್ ಪದಗಳಿಗೆ ಹೆದರಿ ದಾರಿ ಬದಲಿಸುವುದು ಯಾವ ನ್ಯಾಯ?

ಆ ಭಾನುವಾರದ ಪಾಠ ಸ್ನಾಯು ಹೇಗೆ ಕುಗ್ಗುತ್ತದೆ ಅನ್ನೋದು. ಪುಸ್ತಕದಲ್ಲಿ ಆಕ್ಟಿನ್, ಮಯೋಸಿನ್ ಎಂಬ ಎರಡು ಎಳೆಗಳು, ಝಡ್ ಲೈನು, ಎ ಬ್ಯಾಂಡು, ಐ ಬ್ಯಾಂಡು. ಎಳೆಗಳು ತಾವೇನೂ ಚಿಕ್ಕದಾಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ, ಸ್ನಾಯು ಗಿಡ್ಡವಾಗುತ್ತದೆ. ಇಷ್ಟನ್ನು ಅಕ್ಕನ ಮಗಳು ಗಿಳಿಪಾಠದಂತೆ ಒಪ್ಪಿಸಿದಳು. 'ಏನೂ ಚಿಕ್ಕದಾಗದೆ ಒಟ್ಟು ಚಿಕ್ಕದಾಗೋದು ಹೆಂಗೆ ಮಾರಾಯ್ತಿ?' ಅಂತ ಒಬ್ಬ ಹುಡುಗ ಕೇಳಿದ. ಉತ್ತರವಿಲ್ಲ.

ಹಳ್ಳಿಯ ಹುಡುಗಿ ಮೆಲ್ಲಗೆ ಅಂದಳು: 'ಬಾವಿಯಿಂದ ನೀರು ಸೇದಲ್ವಾ? ಹಗ್ಗ ಗಿಡ್ಡ ಆಗಲ್ಲ, ಕೈನೂ ಗಿಡ್ಡ ಆಗಲ್ಲ. ಕೊಡಪಾನ ಹತ್ತಿರ ಬರುತ್ತೆ.'

ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ ಶುರುವಾಯಿತು ನೋಡಿ ಗಲಾಟೆ. ಇಬ್ಬರು ಜಗಲಿಯ ನಡುವೆ ಬೆನ್ನಿಗೆ ಬೆನ್ನು ಕೊಟ್ಟು ಕೂತರು, ಅವರು ಮಯೋಸಿನ್. ಆಚೆ ತುದಿಗೊಬ್ಬ, ಈಚೆ ತುದಿಗೊಬ್ಬ ಗೋಣಿಚೀಲದ ಮೇಲೆ ಕೂತು ಉದ್ದನೆಯ ಟವೆಲ್ಲಿನ ತುದಿ ಹಿಡಿದರು, ಅವರು ಝಡ್ ಲೈನು. ಟವೆಲ್ಲು ಆಕ್ಟಿನ್. ನಡುವಿನವರು ನೀರು ಸೇದುವ ಹಾಗೆ ಕೈಮೇಲೆ ಕೈ ಹಾಕಿ ಎಳೆದಂತೆ ಗೋಣಿಚೀಲಗಳು ಕೆಂಪು ನೆಲದ ಮೇಲೆ ಜಾರುತ್ತಾ ಹತ್ತಿರ ಬಂದವು. ನಡುವಿನವರು ಕೂತ ಜಾಗ ಅಷ್ಟೇ ಇದೆ, ಅದು ಎ ಬ್ಯಾಂಡ್. ಬರೀ ಟವೆಲ್ ಕಾಣುತ್ತಿದ್ದ ಜಾಗ ಕಿರಿದಾಯಿತು, ಅದು ಐ ಬ್ಯಾಂಡ್. ಕ್ಯಾಲ್ಸಿಯಂ ಎಲ್ಲಿ ಅಂತ ಇನ್ನೊಬ್ಬ ಕೇಳಿದ್ದಕ್ಕೆ, ಟವೆಲ್ಲಿನ ಮೇಲೆ ಒಂದು ದುಪಟ್ಟಾ ಮುಚ್ಚಿ, 'ಇದನ್ನ ಸರಿಸೋಕೆ ಬರೋದೇ ಕ್ಯಾಲ್ಸಿಯಂ. ಸರಿಸದೇ ಇದ್ರೆ ಕೈಗೆ ಹಿಡಿತ ಸಿಗಲ್ಲ' ಅಂದರು. ಐದು ಮಾರ್ಕಿನ ಪ್ರಶ್ನೆ ಹತ್ತು ನಿಮಿಷದಲ್ಲಿ ನೆಲದ ಮೇಲೆ ಮುಗಿಯಿತು.

ನನಗೆ ಇನ್ನೂ ಹಿಡಿಸಿದ್ದು ಮುಂದಿನದು. ಎಟಿಪಿ ಎಂಬ ಶಕ್ತಿಯ ಕಣ ಎಳೆಯೋಕೆ ಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. 'ಬಿಡೋಕೂ ಬೇಕು ಕಣೇ' ಅಂದಳು ಅದೇ ಹುಡುಗಿ. 'ಹಗ್ಗ ಬಿಟ್ಟು ಮುಂದೆ ಹಿಡಿದರೆ ತಾನೇ ಇನ್ನೊಂದು ಸಲ ಎಳೆಯೋದು? ಹೊಸ ಎಟಿಪಿ ಬಂದು ಕೂತಾಗಲೇ ಮಯೋಸಿನ್ ಕೈ ಬಿಡೋದು ಅಂತ ಬರೆದಿದೆ.' ಹಾಗಾದರೆ ಎಟಿಪಿ ಪೂರ್ತಿ ಖಾಲಿಯಾದರೆ? ಹಿಡಿದ ಕೈ ಹಿಡಿದಂತೆಯೇ ಇರುತ್ತದೆ. ಸತ್ತ ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುವುದು ಅದಕ್ಕೇ. ಒಳಗಿನಿಂದ ಅಕ್ಕ ಬಂದು ನಿಂತಳು. 'ಅಜ್ಜಿ ಹೋದಾಗ ಬೇಗ ಕೈಕಾಲು ನೇರ ಮಾಡಿ ಅಂತ ಹಿರಿಯರು ಅವಸರ ಮಾಡಿದ್ದು ಇದಕ್ಕೇನಾ?' ಅಂತ ಕೇಳಿದಳು. ಪಾಠ ಅಡುಗೆಮನೆಯವರೆಗೂ ಹೋಗಿತ್ತು.

ಈ ಜಾರುವ ಎಳೆಗಳ ವಿಷಯ ವಿಜ್ಞಾನಕ್ಕೂ ಬಹಳ ಹಳೆಯದಲ್ಲ. 1954ರಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು. ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಇಬ್ಬರು ಹಕ್ಸ್‌ಲಿಗಳು ನೆಂಟರೂ ಅಲ್ಲ! ಇದೇ ಆಂಡ್ರ್ಯೂ ಹಕ್ಸ್‌ಲಿ ಅದಕ್ಕೂ ಮೊದಲು ಅಲನ್ ಹಾಡ್ಜ್‌ಕಿನ್ ಜೊತೆ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತು ಹಿಡಿದು ನರದ ಸಂಕೇತ ಹೇಗೆ ಹುಟ್ಟುತ್ತದೆ ಅಂತ ಲೆಕ್ಕ ಹಾಕಿ 1952ರಲ್ಲಿ ಪ್ರಕಟಿಸಿದವರು. ಕೇಂಬ್ರಿಡ್ಜ್‌ನ ಕಂಪ್ಯೂಟರ್ ಆಗ ಕೆಲಸಕ್ಕೆ ಸಿಗದೆ, ಕೈಯಿಂದ ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ಆ ಲೆಕ್ಕ ಮುಗಿಸಿದರಂತೆ. ಸರ್ವರ್ ಡೌನ್ ಅಂತ ಕ್ಯಾಂಟೀನಿಗೆ ಹೋಗುವ ನಮ್ಮಂಥವರು ತಿಳಿಯಬೇಕಾದ್ದು. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ನರದ ಸಂಕೇತದ ಸರದಿ ಬಂದಾಗ ಹುಡುಗರ ಉದಾಹರಣೆ ಬಚ್ಚಲಿಗೆ ಇಳಿಯಿತು. ಫ್ಲಶ್ ಗುಂಡಿ ಅರ್ಧ ಒತ್ತಿದರೆ ಏನೂ ಆಗಲ್ಲ. ಒಂದು ಮಟ್ಟ ದಾಟಿದರೆ ಪೂರ್ತಿ ಸುರಿಯುತ್ತದೆ, ಎಷ್ಟೇ ಜೋರಾಗಿ ಒತ್ತಿದರೂ ಅಷ್ಟೇ ನೀರು. ಟ್ಯಾಂಕ್ ತುಂಬುವವರೆಗೆ ಇನ್ನೊಮ್ಮೆ ಒತ್ತಿ ಪ್ರಯೋಜನವಿಲ್ಲ. ನಕ್ಕು ನಕ್ಕು ಸಾಕಾದರೂ ಮೂರು ಕಷ್ಟದ ವಿಷಯ ಅದರೊಳಗೇ ಕೂತುಬಿಟ್ಟವು. ಹಾಗಾದರೆ ಮೆಲ್ಲಗೆ ಚಿವುಟಿದ್ದಕ್ಕೂ ಜೋರಾಗಿ ಚಿವುಟಿದ್ದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ? ಜೋರಾಗಿ ಚಿವುಟಿದರೆ ಸಂಕೇತ ದೊಡ್ಡದಾಗಲ್ಲ, ಪದೇ ಪದೇ ಹೋಗುತ್ತದೆ, ಜೊತೆಗೆ ಹೆಚ್ಚು ನರತಂತುಗಳು ಸೇರಿಕೊಳ್ಳುತ್ತವೆ. ಸೊನ್ನೆ, ಒಂದು ಎರಡರಲ್ಲೇ ಬದುಕುವ ನನಗೆ ಇದು ಪರಿಚಿತ ಭಾಷೆ. ಇನ್ನು ಮಯಲಿನ್ ಹೊದಿಕೆ ಇರುವ ನರ ಎಕ್ಸ್‌ಪ್ರೆಸ್ ಬಸ್ಸು, ಇಲ್ಲದ್ದು ಕೈ ತೋರಿಸಿದಲ್ಲೆಲ್ಲ ನಿಲ್ಲುವ ಶಟಲ್ಲು. ಎಕ್ಸ್‌ಪ್ರೆಸ್ಸಿನಲ್ಲಿ ಸಂಕೇತ ಸೆಕೆಂಡಿಗೆ 100 ಮೀಟರಿಗಿಂತಲೂ ವೇಗವಾಗಿ ಹೋಗಬಲ್ಲದು.

ನರ ಬಂದು ಸ್ನಾಯುವನ್ನು ಸೇರುವ ಜಾಗದ ಪಾಠ ಬಂದಾಗ ಆ ಹುಡುಗಿಯೇ ಪುಸ್ತಕ ಕೈಗೆ ತಗೊಂಡಳು. ಕಾರಣವಿತ್ತು. ಹಿಂದಿನ ವರ್ಷ ಅವಳ ಚಿಕ್ಕಪ್ಪನಿಗೆ ಗದ್ದೆಯಲ್ಲಿ ನಾಗರಹಾವು ಕಚ್ಚಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಮತ್ತೆ ಮತ್ತೆ 'ಕಣ್ಣು ಬಿಡಿ, ಕಣ್ಣು ಬಿಡಿ' ಅಂತಿದ್ದರಂತೆ. ಕಚ್ಚಿದ್ದು ಕಾಲಿಗೆ, ಇವರು ಕಣ್ಣು ಯಾಕೆ ನೋಡ್ತಾರೆ ಅಂತ ಅವಳಿಗೆ ಆಗ ಅರ್ಥವಾಗಿರಲಿಲ್ಲ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು ಸ್ನಾಯುವಿನ ಬಾಗಿಲಿನ ಚಿಲಕಕ್ಕೆ ಕೂರಬೇಕು. ನಾಗರಹಾವಿನ ವಿಷ ಅದೇ ಚಿಲಕದ ಮೇಲೆ ಮೊದಲೇ ಕೂತುಬಿಡುತ್ತದೆ. ನರ ಕೂಗುತ್ತಲೇ ಇರುತ್ತದೆ, ಸ್ನಾಯುವಿಗೆ ಕೇಳಿಸುವುದಿಲ್ಲ. ಮೊದಲಿಗೆ ಸೋಲುವವುಗಳಲ್ಲಿ ರೆಪ್ಪೆ ಎತ್ತುವ ಸಣ್ಣ ಸ್ನಾಯು ಒಂದು. ಅದು ಬಿದ್ದರೆ ಮುಂದೆ ಉಸಿರಾಟದ ಸ್ನಾಯುಗಳ ಸರದಿ ಬರಬಹುದು ಅಂತ ಎಚ್ಚರಿಕೆ. 'ಅದಕ್ಕೇ ಪ್ರತಿವಿಷ ಕೊಟ್ಟಮೇಲೂ ಎರಡು ದಿನ ಉಸಿರಿನ ಮಷಿನ್ ಹಾಕಿದ್ರು' ಅಂದಳು. ಚಿಕ್ಕಪ್ಪ ಈಗ ಮತ್ತೆ ಗದ್ದೆಗೆ ಹೋಗುತ್ತಾರೆ, ಗಮ್‌ಬೂಟ್ ಹಾಕಿಕೊಂಡು.

ಅವಳು ಇದನ್ನು ಹೇಳುವಾಗ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಪರೀಕ್ಷೆಯಲ್ಲಿ ಬರೆಯಬೇಕಾದ ಪದಗಳನ್ನು ಅಕ್ಕನ ಮಗಳು ನಡುನಡುವೆ ಎತ್ತಿಕೊಡುತ್ತಿದ್ದಳು, ಇವಳು ಅವನ್ನು ನೋಟ್‌ಬುಕ್ಕಿನ ಬದಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಒಬ್ಬಳಿಗೆ ಪದ ಗೊತ್ತು, ಇನ್ನೊಬ್ಬಳಿಗೆ ಅರ್ಥ ಗೊತ್ತು. ನಮ್ಮ ಆಫೀಸಿನಲ್ಲೂ ನೋಡಿದ್ದೇನೆ, ಹೊಸದಾಗಿ ಸೇರಿದವರಿಗೆ ಹದಿನೈದು ವರ್ಷದ ಅನುಭವಿ ವಿವರಿಸಿದ್ದಕ್ಕಿಂತ ಮೂರು ತಿಂಗಳ ಹಿಂದೆ ಸೇರಿದವರು ಹೇಳಿದ್ದು ಬೇಗ ತಲೆಗೆ ಹೋಗುತ್ತದೆ. ಎಲ್ಲಿ ಎಡವುತ್ತೇವೆ ಅನ್ನೋದು ಅವರಿಗೆ ಇನ್ನೂ ಮರೆತಿರುವುದಿಲ್ಲ. ಮೇಷ್ಟರು ಬೇಡ ಅಂತಲ್ಲ. ಆ ಹುಡುಗಿಯ ಬಾವಿಯ ಉದಾಹರಣೆಯನ್ನು ಸೋಮವಾರ ಲೆಕ್ಚರರಿಗೇ ತೋರಿಸಿ, ಸರಿ ಇದೆ ಅನ್ನಿಸಿಕೊಂಡ ಮೇಲೆಯೇ ಇವರು ನೋಟ್ಸಿಗೆ ಇಳಿಸಿದ್ದು.

ಅಂದಹಾಗೆ, ಸ್ನಾಯುವಿಗೆ ಇಂಗ್ಲಿಷಿನವರು ಮಸಲ್ ಅನ್ನುವ ಪದ ಬಂದದ್ದು ಲ್ಯಾಟಿನ್ನಿನ 'ಪುಟ್ಟ ಇಲಿ' ಎಂಬ ಪದದಿಂದ. ಚರ್ಮದಡಿ ಇಲಿ ಓಡಿದಂತೆ ಕಂಡಿತೋ ಏನೋ. ನಮ್ಮವರಿಗೆ ಕಾಲಿನ ಹಿಂಬದಿಯಲ್ಲಿ ಮೀನು ಕಂಡಿದೆ, ಅದಕ್ಕೇ ಮೀನಖಂಡ. ಇದನ್ನು ನಾನು ಹೇಳಿದಾಗ, ಇಡೀ ದಿನದಲ್ಲಿ ನಾನು ಕೊಟ್ಟ ಒಂದೇ ಒಂದು ಕೊಡುಗೆ ಅಂತ ಅಕ್ಕನ ಮಗಳು ಚಪ್ಪಾಳೆ ತಟ್ಟಿದಳು. 'ಪರೀಕ್ಷೆಗೆ ಬರಲ್ಲ ಮಾವ, ಆದ್ರೂ ಚೆನ್ನಾಗಿದೆ' ಅಂದಳು.

ಮುಂದಿನ ಭಾನುವಾರ ಹಾರ್ಮೋನುಗಳಂತೆ. ಥೈರಾಯ್ಡ್ ಹೇಳಿಕೊಡುವ ಸರದಿ ಹಳ್ಳಿಯ ಹುಡುಗಿಯದು, ಸಂಜೆಯ ತಿಂಡಿ ತರುವ ಸರದಿ ನನ್ನದು.