ಕಾಣದ್ದೆಲ್ಲ ಅಳಿದದ್ದಲ್ಲ

ಮಲೆನಾಡಿನಲ್ಲಿ ನಡೆಯುವ ಅಹವಾಲು ಸಭೆಗಳಲ್ಲಿ ಕುಳಿತವರಿಗೆ ಪರಿಸರ ಪರಿಣಾಮ ವರದಿಗಳ ಒಂದು ವಾಕ್ಯ ಚೆನ್ನಾಗಿ ಪರಿಚಿತ: ‘ಯೋಜನಾ ಪ್ರದೇಶದಲ್ಲಿ ಅಪರೂಪದ ಅಥವಾ ಅಳಿವಿನಂಚಿನ ಜೀವಿಗಳು ಕಂಡುಬಂದಿಲ್ಲ.’ ಕೇಳುವ ಜನ ಇದನ್ನು ‘ಇಲ್ಲ’ ಎಂದೇ ಗ್ರಹಿಸುತ್ತಾರೆ. ಅನುಮತಿ ನೀಡುವವರೂ ಹಾಗೆಯೇ ಗ್ರಹಿಸುತ್ತಾರೆ. ಆದರೆ ‘ಕಂಡಿಲ್ಲ’ ಎಂಬುದು ಹುಡುಕಿದವರ ಕುರಿತ ಮಾತು. ‘ಇಲ್ಲ’ ಎಂಬುದು ಕಾಡಿನ ಕುರಿತ ಮಾತು. ಇವೆರಡರ ನಡುವಿನ ಅಂತರವನ್ನು ಅರಿಯಬೇಕಾದರೆ, ನಾಮಾವಶೇಷವಾದವೆಂದು ನಂಬಲಾಗಿದ್ದು ಮುಂದೆ ಜೀವಂತವಾಗಿ ದೊರೆತ ಪ್ರಾಣಿಗಳ ವೃತ್ತಾಂತವನ್ನು ನೋಡಬೇಕು.

ಮೊದಲನೆಯದು ನೆರೆಯ ಆಂಧ್ರಪ್ರದೇಶದ್ದು. 1848ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಜೆರ್ಡಾನ್ಸ್ ಕೋರ್ಸರ್ ಎಂಬ ನೆಲವಾಸಿ ಹಕ್ಕಿ, ನಮ್ಮ ಬಳ್ಳಾರಿಗೆ ಹೊಂದಿಕೊಂಡಿರುವ ಅನಂತಪುರದ ಬಳಿ 1900ರಲ್ಲಿ ಕಂಡದ್ದೇ ಕೊನೆ. ಅನಂತರ ಹಲವರು ಹುಡುಕಿದರು, ಯಾರಿಗೂ ಸಿಗಲಿಲ್ಲ. ಅಳಿದುಹೋಯಿತೆಂದು ಪಕ್ಷಿತಜ್ಞರು ಬಹುಮಟ್ಟಿಗೆ ಕೈಬಿಟ್ಟರು. 1980ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅದರ ಚಿತ್ರ ಹಿಡಿದು ಹಳ್ಳಿಗಳಲ್ಲಿ ವಿಚಾರಿಸತೊಡಗಿದರು. 1986ರ ಜನವರಿಯಲ್ಲಿ ಕಡಪ ಜಿಲ್ಲೆಯ ಸಿದ್ಧವಟದ ಬಳಿ, ಹಕ್ಕಿ ಹಿಡಿಯುವ ಕಸುಬಿನ ಐತಣ್ಣ ಎಂಬವರು ರಾತ್ರಿಯ ವೇಳೆ ದೀಪದ ಬೆಳಕಿನಲ್ಲಿ ಅದನ್ನು ಜೀವಂತ ಹಿಡಿದುಕೊಟ್ಟರು. ಎಂಬತ್ತಾರು ವರ್ಷಗಳ ‘ಅಳಿವು’ ಒಂದೇ ಇರುಳಿನಲ್ಲಿ ಸುಳ್ಳಾಯಿತು. ಕಾರಣ ಸರಳವಾಗಿತ್ತು: ಅದು ನಿಶಾಚರ ಪಕ್ಷಿ, ವಿದ್ವಾಂಸರು ಹಗಲಿನಲ್ಲಿ ಹುಡುಕಿದ್ದರು. ತೆಲುಗಿನಲ್ಲಿ ಅದಕ್ಕೆ ಹೆಸರೂ ಇತ್ತು: ಕಲಿವಿ ಕೋಡಿ, ಅಂದರೆ ಕವಳಿ ಪೊದೆಯ ಕೋಳಿ. ಊರವರು ಹೆಸರಿಟ್ಟು ಕರೆಯುತ್ತಿದ್ದ ಹಕ್ಕಿ ಗ್ರಂಥಗಳಲ್ಲಿ ಸತ್ತುಹೋಗಿತ್ತು.

ಈ ವೃತ್ತಾಂತದ ಉತ್ತರಾರ್ಧ ನಮಗೆ ಇನ್ನೂ ಮುಖ್ಯವಾದುದು. ಹಕ್ಕಿ ಸಿಕ್ಕಿದ ಕುರುಚಲು ಕಾಡು ತೆಲುಗು ಗಂಗಾ ಕಾಲುವೆಯ ದಾರಿಯಲ್ಲಿತ್ತು. ಹಕ್ಕಿಯ ನಿಮಿತ್ತವಾಗಿ ಕಾಲುವೆಯ ಮಾರ್ಗ ಬದಲಾಯಿತು. ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯ ರೂಪುಗೊಂಡಿತು. 2005ರಲ್ಲಿ ಮತ್ತೆ ಯಂತ್ರಗಳು ಆ ನೆಲೆಯನ್ನು ಅಗೆಯತೊಡಗಿದಾಗ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಕೇಂದ್ರ ಉನ್ನತಾಧಿಕಾರ ಸಮಿತಿಯವರೆಗೆ ಹೋಗಿ, ಮತ್ತೊಮ್ಮೆ ಮಾರ್ಗ ಬದಲಿಸಬೇಕಾಯಿತು. ಒಂದು ಕ್ಷಣ ಯೋಚಿಸಿ: ಐತಣ್ಣನವರನ್ನು ಯಾರೂ ಕೇಳದೆ ಹೋಗಿದ್ದರೆ, ಕಾಲುವೆ ಆ ಪೊದೆಗಳ ನಡುವೆಯೇ ಹರಿಯುತ್ತಿತ್ತು. ಆಗ ಹಕ್ಕಿ ನಿಜವಾಗಿಯೂ ಅಳಿಯುತ್ತಿತ್ತು. ಅದಾಗಲೇ ಅಳಿದದ್ದೆಂದು ಬರೆದಿದ್ದರಿಂದ ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಎರಡನೆಯದು ನಮ್ಮ ಸಹ್ಯಾದ್ರಿಯದೇ. ಗೇಣುದ್ದವೂ ಇರದ, ಹಳದಿ ಮುಖದ ಬೆತ್ತದ ಆಮೆಯನ್ನು 1912ರಲ್ಲಿ ಕೊಚ್ಚಿಯ ಕಾಡುಗಳಿಂದ ದೊರೆತ ಮಾದರಿಗಳ ಆಧಾರದಲ್ಲಿ ವರ್ಣಿಸಲಾಯಿತು. ಬಳಿಕ ಏಳು ದಶಕ ಅದರ ಸುಳಿವಿಲ್ಲ. 1982ರಲ್ಲಿ ಜೆ. ವಿಜಯಾ ಎಂಬ ಯುವತಿ, ಕಾಡಿನ ಗುಹೆಯೊಂದರಲ್ಲಿ ತಂಗಿ, ಕಾಡರ್ ಸಮುದಾಯದವರ ನೆರವಿನಿಂದ ಅದನ್ನು ಮತ್ತೆ ಪತ್ತೆಹಚ್ಚಿದರು. ನಿತ್ಯಹರಿದ್ವರ್ಣ ಕಾಡಿನ ತರಗೆಲೆಯ ಹಾಸಿನಲ್ಲಿ ಹುದುಗಿರುವ ಆ ಆಮೆ ಮುಂದೆ ಕರ್ನಾಟಕದ ಘಟ್ಟಗಳಲ್ಲಿಯೂ ದಾಖಲಾಯಿತು. ವಿಜಯಾ 1987ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಇಂದು ಆಮೆಯ ವೈಜ್ಞಾನಿಕ ಹೆಸರಿನಲ್ಲಿ, ವಿಜಯಾಚೆಲಿಸ್ ಎಂಬ ಕುಲನಾಮವಾಗಿ, ಅವರು ಉಳಿದಿದ್ದಾರೆ.

ಇನ್ನು ಕಪ್ಪೆಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್ ಕಳೆದ ಶತಮಾನದ ಪೂರ್ವಾರ್ಧದಲ್ಲಿ ನಮ್ಮ ಘಟ್ಟಗಳ ಅನೇಕ ಕಪ್ಪೆಗಳನ್ನು ವರ್ಣಿಸಿದರು. ಅವರು ಸಂಗ್ರಹಿಸಿಟ್ಟ ಮೂಲ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. 1920ರಲ್ಲಿ ಅವರು ಕೊಡಗಿನಿಂದ ವರ್ಣಿಸಿದ್ದ ಇರುಳುಗಪ್ಪೆಯೊಂದು, ತೊಂಬತ್ತೊಂದು ವರ್ಷಗಳ ನಂತರ, 2011ರಲ್ಲಿ ಮತ್ತೆ ದೊರೆತದ್ದು ಪ್ರಕಟವಾಯಿತು. ಅದರ ಲ್ಯಾಟಿನ್ ಹೆಸರಿನ ಅರ್ಥ ‘ಪವಿತ್ರ ಜೌಗುನೆಲದ್ದು’ ಎಂದು. ಯಾವ ಜೌಗನ್ನು ನಾವು ‘ಉಪಯೋಗಕ್ಕೆ ಬಾರದ ಹಡ್ಲು’ ಎಂದು ಮುಚ್ಚುತ್ತೇವೆಯೋ ಅಂಥದರ ಹೆಸರನ್ನೇ ಆ ಪುಟ್ಟ ಜೀವಿ ಹೊತ್ತಿದೆ.

ಈ ಪ್ರಸಂಗಗಳನ್ನು ಒಟ್ಟಾಗಿ ಇಟ್ಟು ನೋಡಿದರೆ ಕಳೆದುಹೋದದ್ದು ಪ್ರಾಣಿಯಲ್ಲ, ನಮ್ಮ ಗಮನ ಎಂಬುದು ಸ್ಪಷ್ಟವಾಗುತ್ತದೆ. ಸರಿಯಾದ ಹೊತ್ತಿನಲ್ಲಿ, ಸರಿಯಾದ ಜಾಗದಲ್ಲಿ, ಬಲ್ಲವರನ್ನು ಕೇಳಿ ಹುಡುಕಿರಲಿಲ್ಲ. ಹಾಗಿರುವಾಗ, ಬೇಸಿಗೆಯ ಕೆಲವು ಹಗಲುಗಳಲ್ಲಿ ರಸ್ತೆಯಂಚಿನಲ್ಲಿ ಓಡಾಡಿ ಬರೆದ ವರದಿಯೊಂದು ಮಳೆಗಾಲದ ಇರುಳಿನಲ್ಲಿ ಮಾತ್ರ ದನಿಯೆತ್ತುವ ಕಪ್ಪೆಯ ಬಗ್ಗೆ ಏನು ತಾನೆ ಹೇಳೀತು?

ಆದರೆ ಇದರ ತಪ್ಪು ಪಾಠವನ್ನೂ ಕಲಿಯಬಾರದು. ‘ಹೇಗೂ ಮತ್ತೆ ಸಿಗುತ್ತವಲ್ಲ, ಚಿಂತೆಯೇಕೆ?’ ಎನ್ನುವವರಿದ್ದಾರೆ. ಮಸ್ಸೂರಿ–ನೈನಿತಾಲ್ ಭಾಗದ ಹಿಮಾಲಯದ ಲಾವಕ್ಕಿ 1876ರ ನಂತರ ಖಚಿತವಾಗಿ ಕಂಡಿಲ್ಲ. ನಮ್ಮ ಕರಾವಳಿಯ ಮಲಬಾರ್ ಪುನುಗುಬೆಕ್ಕಿನದು ಇನ್ನೂ ನೋವಿನ ಕಥೆ. ಅದೂ ಅಳಿಯಿತೆಂದು ಭಾವಿಸಿದ್ದಾಗ 1987ರಲ್ಲಿ ಉತ್ತರ ಕೇರಳದಲ್ಲಿ ಅದರ ಚರ್ಮಗಳು ಸಿಕ್ಕವು. ಪೊದೆ ಬೆಳೆದ ಗೇರುತೋಟಗಳು ಅದರ ಕೊನೆಯ ಆಸರೆಯಾಗಿದ್ದವು. ಅವನ್ನು ಸವರಿ ರಬ್ಬರ್ ಹಾಕಲಾಗುತ್ತಿತ್ತು. ಇಂದು ಅದು ಉಳಿದಿದೆಯೇ ಎಂಬುದೇ ಸಂಶಯ. ಕಲಿವಿ ಕೋಡಿಯೂ 2009ರ ಬಳಿಕ ಒಂದೂವರೆ ದಶಕ ಮೌನವಾಗಿದ್ದು, 2025ರ ಆಗಸ್ಟ್‌ನಲ್ಲಿ ಅದರ ಕೂಗು ಮತ್ತೆ ದಾಖಲಾಯಿತು. ಮರಳಿ ಸಿಗುವುದೆಂದರೆ ಸುರಕ್ಷಿತವಾಗುವುದಲ್ಲ. ಉಳಿಸಲು ಇನ್ನೊಂದು ಅವಕಾಶ ದೊರೆಯುವುದು, ಅಷ್ಟೆ.

ಹಾಗಾದರೆ ನಾವು ಮಾಡಬೇಕಾದುದೇನು? 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನರೊಂದಿಗೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ನಿಮ್ಮ ಪಂಚಾಯಿತಿಯಲ್ಲಿ ಆ ಪುಸ್ತಕ ಎಲ್ಲಿದೆ, ಅದರಲ್ಲಿ ಏನು ಬರೆದಿದೆ ಎಂದು ಹೋಗಿ ಕೇಳಿ. ಬೇರೆ ಊರಿನ ಪಟ್ಟಿಯ ನಕಲಾಗಿದ್ದರೆ ತಿದ್ದಿಸಿ. ಜೇನು ಕೀಳುವವರು, ಉಪ್ಪಾಗೆ ಆಯುವವರು, ಹೊಳೆಯಲ್ಲಿ ಮೀನು ಹಿಡಿಯುವವರು, ಸೊಪ್ಪಿಗೆ ಹೋಗುವ ಹೆಂಗಸರು, ಇವರು ಕಂಡದ್ದು ಅದರಲ್ಲಿ ಸೇರಲಿ. ವಿದ್ಯಾರ್ಥಿಗಳು ಅವರೊಂದಿಗೆ ಕುಳಿತು ದಿನಾಂಕ, ಹೊತ್ತು, ಜಾಗ, ಊರಿನ ಹೆಸರಿನ ಸಹಿತ ಬರೆದುಕೊಳ್ಳಲಿ. ಸಾಧ್ಯವಾದಲ್ಲಿ ಚಿತ್ರ ಅಥವಾ ಧ್ವನಿಮುದ್ರಣ ಇರಲಿ. ಸಾಮಾನ್ಯ ಪುನುಗುಬೆಕ್ಕನ್ನು ಕಂಡು ಅಪರೂಪದ್ದೇ ಸಿಕ್ಕಿತೆಂದು ಸಾರುವ ಆತುರ ಬೇಡ. ಒಂದು ಸುಳ್ಳು ನೂರು ನಿಜಗಳನ್ನು ಅನುಮಾನಕ್ಕೆ ದೂಡುತ್ತದೆ. ನಿಜವಾಗಿ ಅಪರೂಪದ್ದು ಸಿಕ್ಕರೆ ಅದರ ಜಾಗವನ್ನು ಊರೆಲ್ಲ ಡಂಗುರ ಸಾರುವುದೂ ಬೇಡ. ಆಮೆಗಳನ್ನು ಕದ್ದು ಮಾರುವವರೂ ಪತ್ರಿಕೆ ಓದುತ್ತಾರೆ.

ಮುಂದಿನ ಅಹವಾಲು ಸಭೆಯಲ್ಲಿ ‘ಕಂಡುಬಂದಿಲ್ಲ’ ಎಂಬ ವಾಕ್ಯವನ್ನು ಓದಿದಾಗ, ಯಾರು ಹುಡುಕಿದರು, ಯಾವ ತಿಂಗಳಲ್ಲಿ, ಹಗಲೋ ಇರುಳೋ, ಊರಿನ ಯಾರನ್ನು ಕೇಳಿದಿರಿ ಎಂದು ನಾವು ಎದ್ದು ನಿಂತು ವಿಚಾರಿಸಬೇಕು. ನಮ್ಮ ಕೈಯಲ್ಲಿ ನಮ್ಮದೇ ದಾಖಲೆ ಇರಬೇಕು. ಪ್ರತಿ ಹಳ್ಳಿಯಲ್ಲಿಯೂ ಒಬ್ಬ ಐತಣ್ಣ ಇರುತ್ತಾನೆ. ಯಂತ್ರಗಳು ಬರುವ ಮೊದಲು ಅವನನ್ನು ಕೇಳುವ ಕೆಲಸ ನಮ್ಮದು.